ಸಿರಸಂಗಿಯ ದಾರಿಯಲ್ಲಿ ಪದವಿಯ ಪ್ರಶ್ನೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಪ್ರತಿ ವರುಷವೂ ನಮ್ಮ ಮನೆಯ ಕಟ್ಟೆಗೆ ಪಾಲಕರ ಬರವು ಹೆಚ್ಚುತ್ತದೆ. ಕೈಚೀಲದಿಂದ ಮಕ್ಕಳ ಅಂಕಪಟ್ಟಿ ತೆಗೆದು ಮುಂದಿಟ್ಟು, ಇನ್ನು ಏನು ಓದಿಸುವುದೆಂದು ಕೇಳುತ್ತಾರೆ. ನಾವು ಮಠದ ಪ್ರಸಾದ ನಿಲಯದಲ್ಲಿ ಬೆಳೆದು, ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಮುಂದೆ ಮೂರು ದಶಕ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೀಗಾಗಿ ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿದೆಯೆಂದು ಜನ ನಂಬಿದ್ದಾರೆ. ಒಂದು ಕಾಲಕ್ಕೆ ನಾವೂ ಹಾಗೆಯೇ ನಂಬಿದ್ದೆವು.

ಈ ಸಲ ಬಂದವರು ಧಾರವಾಡದ ಸಮೀಪದ ಹಳ್ಳಿಯ ಒಂದು ಭಕ್ತ ಕುಟುಂಬ. ಯಜಮಾನರಿಗೆ ನಾಲ್ಕು ಎಕರೆ ಎರೆಹೊಲ. ಮಗ ವಿಜ್ಞಾನ ವಿಷಯದಲ್ಲಿ ಸಾಧಾರಣ ಅಂಕಗಳಿಂದ ತೇರ್ಗಡೆಯಾಗಿದ್ದ. ಅವನಿಗಿಂತ ಎರಡು ವರುಷ ಕಿರಿಯಳಾದ ಮಗಳು ಹತ್ತನೆಯ ತರಗತಿಯಲ್ಲಿ ಅಣ್ಣನಿಗಿಂತ ಚೆನ್ನಾಗಿ ತೇರ್ಗಡೆಯಾಗಿದ್ದಳು. ಮಗನಿಗೆ ಖಾಸಗಿ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಸೀಟು ಕೊಡಿಸಲು ಒಂದು ಎಕರೆ ಮಾರುವ ಮಾತು ನಡೆದಿತ್ತು. ಮಗಳನ್ನು ಸದ್ಯಕ್ಕೆ ಮನೆಯಲ್ಲಿ ಇರಿಸಿಕೊಳ್ಳುವ ವಿಚಾರವೂ ಅದರ ಬೆನ್ನಿಗಿತ್ತು.

"ಗುರುಗಳ, ಒಂದ್ ಎಕರೆ ಹೋದರ ಹೋಗವಲ್ಲದ್ಯಾಕ. ಹುಡುಗ ಇಂಜಿನಿಯರ್ ಆಗಿ ದುಡದರ ಎರಡ ಎಕರೆ ತಗೋತಾನ" ಎಂದರು ಯಜಮಾನರು. ತಾಯಿಯ ಚಿಂತೆ ಬೇರೆಯಾಗಿತ್ತು. "ಡಿಗ್ರಿ ಇಲ್ಲದ ಹುಡುಗಗ ಈಗ ಹೆಣ್ಣ ಯಾರ ಕೊಡ್ತಾರ್ರಿ?" ಎಂದು ಆಕೆ ಮೆಲ್ಲಗೆ ಕೇಳಿದರು. ಮಗ ಮಾತ್ರ ನೆಲ ನೋಡುತ್ತಿದ್ದ. ಒತ್ತಾಯಿಸಿ ಕೇಳಿದಾಗ, ಸೋದರಮಾವನ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ರಜೆಯಲ್ಲೆಲ್ಲ ಕೆಲಸ ಮಾಡಿರುವುದಾಗಿಯೂ, ಸುಟ್ಟ ಪಂಪ್‌ಸೆಟ್ಟನ್ನು ತಾನೇ ಬಿಚ್ಚಿ ಕಟ್ಟಬಲ್ಲೆನೆಂದೂ ಹೇಳಿದ. ಆಗ ಅವನ ಮುಖದಲ್ಲಿ ಮೂಡಿದ ಕಳೆ ಅಂಕಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ನಾವು ಆ ದಿನ ಉತ್ತರ ಕೊಡಲಿಲ್ಲ. "ಬರುವ ಸೋಮವಾರ ನಮ್ಮೊಡನೆ ಸಿರಸಂಗಿಗೆ ಬನ್ನಿರಿ, ಅಲ್ಲಿ ಮಾತಾಡೋಣ" ಎಂದೆವು. ನಾವು ಆ ಊರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ವಿದ್ಯೆಗಾಗಿ ಸರ್ವಸ್ವವನ್ನೂ ಕೊಟ್ಟ ದೊರೆಯ ವಾಡೆಯೂ, ಕೈಕಸುಬಿನವರ ಕುಲದೇವಿಯ ಗುಡಿಯೂ ಅಲ್ಲಿ ಒಂದೇ ಊರಿನಲ್ಲಿವೆ. ಅದೇ ದಾರಿಯಲ್ಲಿ ನಮ್ಮದೊಂದು ಹಳೆಯ ಋಣವೂ ಇತ್ತು.

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿ ಅಮ್ಮಿನಭಾವಿ, ಹಾರೋಬೆಳವಡಿ, ಇನಾಮಹೊಂಗಲಗಳ ಮೇಲೆ ಸಾಗುತ್ತದೆ. ವೈಶಾಖದ ಬಿಸಿಲು. ಎರಡೂ ಬದಿಗೆ ಹರಗಿಟ್ಟ ಎರೆಭೂಮಿ ಮಳೆಯ ದಾರಿ ಕಾಯುತ್ತ ಕಪ್ಪಗೆ ಬಿದ್ದುಕೊಂಡಿತ್ತು. ಬಸ್ಸಿನ ಕಿಟಕಿಯ ಬಳಿ ಕುಳಿತಿದ್ದ ಯಜಮಾನರು ಹೊಲ ಕಂಡಲ್ಲೆಲ್ಲ ಅದರ ಮಣ್ಣಿನ ಗುಣ ಹೇಳುತ್ತಿದ್ದರು. ಇದು ಹತ್ತಿಗೆ, ಇದು ಕಡಲೆಗೆ, ಇದು ಬಿಳಿಜೋಳಕ್ಕೆ ಎಂದು. ಮಾರಬೇಕೆಂದಿದ್ದ ಎಕರೆಯ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಎದುರಿನ ಆಸನಗಳಲ್ಲಿ ಸವದತ್ತಿಯ ಗುಡ್ಡಕ್ಕೆ ಯಲ್ಲಮ್ಮನ ದರ್ಶನಕ್ಕೆ ಹೊರಟ ಮಂದಿ. ಅವರ ನಡುವೆ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ ಹಿಡಿದ ಒಬ್ಬ ತರುಣನಿದ್ದ. ಎಂ.ಎ. ಆಗಿ ಐದು ವರುಷವಾಯಿತೆಂದೂ, ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುವೆನೆಂದೂ ಹೇಳಿದ. ಆ ಊರಿನ ಓಣಿ ಓಣಿಗಳಲ್ಲಿ ಹೀಗೆ ಕಾಯುತ್ತಿರುವ ಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ಯಜಮಾನರು ಅವನನ್ನು ಬಹಳ ಹೊತ್ತು ನೋಡಿದರು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಸಿರಸಂಗಿ ತಲುಪಿದಾಗ ಹೊತ್ತು ಏರಿತ್ತು. ಮೊದಲು ವಾಡೆಗೆ ಹೋದೆವು. ಎತ್ತರದ ಗೋಡೆಯ ಒಳಗೆ ಕಾಲಿಟ್ಟೊಡನೆ ಹೊರಗಿನ ಬಿಸಿಲು ಮರೆತುಹೋಯಿತು. ತಂಪು ನೆರಳಿನಲ್ಲಿ ಕುಳಿತು, ಲಿಂಗರಾಜ ದೇಸಾಯಿಯವರ ಕಥೆಯನ್ನು ಆ ಮಕ್ಕಳಿಗೆ ಹೇಳಿದೆವು. ನಮ್ಮ ಓದುಗ ಬಂಧುಗಳಲ್ಲಿ ಹಿರಿಯರು ಇದನ್ನು ಬಲ್ಲರು. ಆದರೂ ಮನೆಯ ಕಿರಿಯರಿಗಾಗಿ ಇಲ್ಲಿ ಮತ್ತೊಮ್ಮೆ ಹೇಳುವುದು ಉಚಿತ.

ಲಿಂಗರಾಜರು 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ಸಿರಸಂಗಿಯ ದೇಸಗತಿಯ ಮನೆಗೆ ದತ್ತಕರಾಗಿ ಬಂದವರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ, ಇನ್ನೂ ನಲವತ್ತೈದರ ವಯಸ್ಸಿನಲ್ಲಿಯೇ ಅವರು ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. 1933ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯವರು ಬೆಳಗಾವಿಯಲ್ಲಿ ಸ್ಥಾಪಿಸಿದ ಕಾಲೇಜು ಅವರ ಹೆಸರನ್ನೇ ಹೊತ್ತು ನಿಂತಿದೆ.

ಆ ಕಾಲದಲ್ಲಿ ಪದವಿ ಎಂದರೆ ಏನಾಗಿತ್ತು ಎಂಬುದನ್ನು ನಾವು ನೆನೆಯಬೇಕು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಕನ್ನಡ ಜಿಲ್ಲೆಗಳಲ್ಲಿ ಒಂದೂ ಕಾಲೇಜು ಇರಲಿಲ್ಲ. ಓದಬೇಕೆನ್ನುವವನು ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿತ್ತು. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಶಿಕ್ಷಣ ಸಂಸ್ಥೆ ಕಟ್ಟಿದ್ದು 1916ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಾಗಿಲು ತೆರೆದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ. ಪದವೀಧರರು ಬೆರಳೆಣಿಕೆಯಷ್ಟಿದ್ದಾಗ ಕಚೇರಿ, ಕೋರ್ಟು, ಶಾಲೆಗಳೇ ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಇಂದು ಬೆಳಗಾವಿಯಲ್ಲಿಯೇ 2010ರಿಂದ ಪ್ರತ್ಯೇಕ ವಿಶ್ವವಿದ್ಯಾಲಯವಿದೆ, ತಾಲೂಕು ತಾಲೂಕಿಗೆ ಪದವಿ ಕಾಲೇಜುಗಳಿವೆ. ಇದು ಆ ಹಿರಿಯರು ಕಂಡ ಕನಸಿನ ಫಲವೇ ಸರಿ. ಆದರೆ ಬೀಗದ ಕೈಗಳು ಹೆಚ್ಚಿದಷ್ಟು ಬಾಗಿಲುಗಳು ಹೆಚ್ಚಲಿಲ್ಲ.

"ಹಂಗಾರ ಲಿಂಗರಾಜರು ಕೊಟ್ಟದ್ದು ಈಗ ಸುಳ್ಳಾತೇನ್ರಿ ಗುರುಗಳ?" ಎಂದು ಕೇಳಿದವಳು ಮಗಳು. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು. ಇಲ್ಲಮ್ಮ, ಎಂದೆವು. ಅವರು ಕೊಟ್ಟದ್ದು ಬಡವನ ಮಗ ಓದಿಗಾಗಿ ಹೊಲ ಮಾರಬಾರದೆಂದು. ಓದಿನ ಹೆಸರಿನಲ್ಲಿ ಹೊಲ ಮಾರುವವನೂ, ಹೊಲದ ಹೆಸರಿನಲ್ಲಿ ಓದು ನಿಲ್ಲಿಸುವವನೂ ಆ ದಾನದ ಮರ್ಮವನ್ನು ಅರಿತಿಲ್ಲ. ನಾವು ಇದನ್ನು ಯಾರ ಮುಖವನ್ನೂ ನೋಡದೆ ಹೇಳಿದೆವು. ಆದರೂ ತಂದೆಗೆ ಅದು ತಲುಪಿತು.

ಮಧ್ಯಾಹ್ನ ಕಾಳಿಕಾದೇವಿಯ ಗುಡಿಗೆ ನಡೆದೆವು. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ, ಈ ಐದು ಕಸುಬಿನ ವಿಶ್ವಕರ್ಮ ಬಂಧುಗಳಿಗೆ ಇದು ಪರಮ ಕ್ಷೇತ್ರ. ದೂರದೂರಿನಿಂದ ಅವರು ಇಲ್ಲಿಗೆ ಬಂದು ಹೋಗುತ್ತಾರೆ. ಪ್ರಾಕಾರದಲ್ಲಿ ಒಬ್ಬ ವೃದ್ಧ ಬಡಗಿ ತನ್ನ ಮೊಮ್ಮಗನಿಗೆ ಬಾಗಿಲ ಚೌಕಟ್ಟಿನ ಕೆತ್ತನೆ ತೋರಿಸುತ್ತಿದ್ದ. ಮೊಮ್ಮಗ ಮೊಬೈಲಿನಲ್ಲಿ ಅದರ ಚಿತ್ರ ಹಿಡಿಯುತ್ತಿದ್ದ. ಆ ಹುಡುಗ ಬಿ.ಕಾಂ. ಮೊದಲ ವರ್ಷ. ಅಜ್ಜನಿಗೆ ಅದು ಹೆಮ್ಮೆಯೇ. ಆದರೆ ಉಳಿ ಹಿಡಿಯುವವರು ಮನೆಯಲ್ಲಿ ತನ್ನ ಹಿಂದೆ ಯಾರೂ ಇಲ್ಲವೆಂಬ ನೋವೂ ಆತನ ಮಾತಿನಲ್ಲಿತ್ತು.

ಅಲ್ಲಿ ಕುಳಿತು ಯಜಮಾನರಿಗೆ ಒಂದು ಲೆಕ್ಕ ಹೇಳಿದೆವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ಭಾರತದ ಉದ್ಯೋಗ ವರದಿಯನ್ನು ಪ್ರಕಟಿಸಿದವು. 2022ರಲ್ಲಿ ನಮ್ಮ ದೇಶದ ಯುವ ಪದವೀಧರರಲ್ಲಿ ನಿರುದ್ಯೋಗ ಶೇ. 29.1, ಓದು ಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಇದನ್ನು ಕೇಳಿ, ಓದದವನೇ ಸುಖಿ ಎಂದು ತಿಳಿಯಬಾರದು. ಓದದ ಬಡವನಿಗೆ ಕಾಯುವ ಶಕ್ತಿಯಿಲ್ಲ. ಸಿಕ್ಕ ಕೂಲಿಗೆ ಹೋಗುತ್ತಾನೆ, ಲೆಕ್ಕದಲ್ಲಿ ಉದ್ಯೋಗಿಯಾಗುತ್ತಾನೆ. ಓದಿದವನು ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಹೀಗೆ ಕಾಯುವುದರ ಖರ್ಚನ್ನು ಮಾತ್ರ ಯಾವ ಪಾಲಕರೂ ಮೊದಲೇ ಲೆಕ್ಕ ಹಿಡಿಯುವುದಿಲ್ಲ. ನಮ್ಮ ರಾಜ್ಯ ಸರಕಾರ 2024ರ ಜನವರಿಯಲ್ಲಿ ಯುವನಿಧಿ ಆರಂಭಿಸಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರುಷ ಕೊಡುವ ವ್ಯವಸ್ಥೆ ಮಾಡಿತು. ಪದವಿಯ ನಂತರ ಕಾಯುವ ಕಾಲವೊಂದು ಇದೆಯೆಂದು ಸರಕಾರವೇ ಒಪ್ಪಿಕೊಂಡಂತೆ ಅಲ್ಲವೆ?

ಅದೇ ಉಸುರಿನಲ್ಲಿ ಇನ್ನೊಂದು ಮಾತನ್ನೂ ಹೇಳಿದೆವು. ಪದವಿಯಿಲ್ಲದೆ ತೆರೆಯದ ಬಾಗಿಲುಗಳಿವೆ. ಪೊಲೀಸ್ ಪೇದೆಯಾಗಲು ಪದವಿಪೂರ್ವ ಸಾಕು, ಸಬ್ ಇನ್‌ಸ್ಪೆಕ್ಟರ್ ಆಗಲು ಪದವಿ ಬೇಕು. ಬ್ಯಾಂಕಿನ ಗುಮಾಸ್ತನಾಗಲೂ ಪದವಿ ಬೇಕು, ಹಿರಿಯ ಆಡಳಿತ ಹುದ್ದೆಗಳಿಗಂತೂ ಸರಿಯೇ. ವೈದ್ಯ, ವಕೀಲ, ಕಾಲೇಜು ಅಧ್ಯಾಪಕ ಇವರಿಗೆ ಪದವಿಯೇ ಪ್ರಾಣ. ನಮ್ಮದೇ ಉದಾಹರಣೆ ನೋಡಿರಿ. ಮಠದಲ್ಲಿ ಹತ್ತು ವರುಷ ವ್ಯಾಕರಣ, ಕಾವ್ಯಗಳನ್ನು ಗುರುಮುಖದಿಂದ ಕಲಿತರೂ ಕಾಲೇಜು ನಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾಹ್ಯ ವಿದ್ಯಾರ್ಥಿಯಾಗಿ ಬಿ.ಎ., ಎಂ.ಎ. ಬರೆದ ಮೇಲೆಯೇ ಸಂಬಳದ ಕುರ್ಚಿ ಸಿಕ್ಕಿತು. ಆದರೆ ಆ ಕುರ್ಚಿಯ ಮೇಲೆ ಕುಳಿತು ನಾವು ಹೇಳಿದ ಪಾಠ ಮಠ ಕೊಟ್ಟದ್ದು. ಪದವಿ ನಮ್ಮನ್ನು ಒಳಗೆ ಬಿಟ್ಟಿತು. ಮಠದ ಕಲಿಕೆ ನಮ್ಮನ್ನು ಅಲ್ಲಿ ಉಳಿಸಿತು. ಎರಡರಲ್ಲಿ ಒಂದಿಲ್ಲದಿದ್ದರೂ ನಮ್ಮ ಬದುಕು ಬೇರೆಯೇ ಆಗುತ್ತಿತ್ತು.

ಇನ್ನು ಋಣದ ಮಾತು. ಮರಳುವಾಗ ಸವದತ್ತಿಗೆ ಮೊದಲೇ, ದಾರಿಬದಿಯ ಒಂದು ಊರಿನಲ್ಲಿ ಇಳಿದೆವು. ಅಲ್ಲೊಂದು ತಗಡಿನ ಛಾವಣಿಯ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರ್ ಟ್ರೇಲರು, ಕಬ್ಬಿಣದ ಕೂರಿಗೆ, ಅರ್ಧ ಮುಗಿದ ಗೇಟು ಮುಂದೆ ಒರಗಿದ್ದವು. ಒಳಗಿನಿಂದ ಬಂದು ಪಾದ ಮುಟ್ಟಿದವನು ನಮ್ಮ ಹಳೆಯ ವಿದ್ಯಾರ್ಥಿ, ಕಮ್ಮಾರರ ಮನೆಯವನು. ಈಗ ಅವನಿಗೂ ಐವತ್ತು ದಾಟಿದೆ.

ನಾವು ಹೊಸದಾಗಿ ಕೆಲಸಕ್ಕೆ ಸೇರಿ ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆ ನೋಡುತ್ತಿದ್ದ ದಿನಗಳಲ್ಲಿ ಈತ ಅಲ್ಲಿದ್ದ. ಬುದ್ಧಿವಂತ. ರಜೆಗೆ ಊರಿಗೆ ಹೋದರೆ ತಂದೆಯ ಕುಲುಮೆಯಲ್ಲಿ ಕುಳಿತು ಕೈಗೆ ಬೊಬ್ಬೆ ಮಾಡಿಕೊಂಡು ಬರುತ್ತಿದ್ದ. ಒಂದು ದಿನ ಆ ಕೈಗಳನ್ನು ಕಂಡು ನಾವು ಕರುಣೆಯಿಂದ, ಅಧಿಕಾರದಿಂದ ಹೇಳಿದೆವು: "ಸುತ್ತಿಗೆ ಬಿಡು, ಪುಸ್ತಕ ಹಿಡಿ. ಇನ್ನು ಕುಲುಮೆಗೆ ಹೋಗಬೇಡ." ಅವನು ಹೋಗಲಿಲ್ಲ. ಬಿ.ಎ. ಮುಗಿಸಿದ. ಅರ್ಜಿ ಮೇಲೆ ಅರ್ಜಿ ಹಾಕಿದ. ಎಂಟು ವರುಷ ಕಳೆದವು. ಅಷ್ಟರಲ್ಲಿ ತಂದೆ ತೀರಿದರು. ಕುಲುಮೆಯ ತಿದಿ ಹರಿದು ಮೂಲೆ ಸೇರಿತು. ಮೂವತ್ತರ ಮೇಲೆ, ಇನ್ನೊಬ್ಬರ ಅಂಗಡಿಯಲ್ಲಿ ಹುಡುಗರ ಜೊತೆ ಸಹಾಯಕನಾಗಿ ನಿಂತು, ಮನೆಯಲ್ಲಿಯೇ ಕಲಿಯಬಹುದಾಗಿದ್ದ ಕೆಲಸವನ್ನು ಮೊದಲಿನಿಂದ ಕಲಿತ.

ಈ ಸಂಗತಿ ನಮ್ಮ ಕಿವಿಗೆ ಬಿದ್ದು ಬಹಳ ವರುಷಗಳಾಗಿದ್ದವು. ಬಂದು ಎದುರು ನಿಲ್ಲುವ ಧೈರ್ಯ ಆಗಿರಲಿಲ್ಲ. ಆ ದಿನ ಆ ಕುಟುಂಬದ ಎದುರಿನಲ್ಲಿಯೇ ಹೇಳಿದೆವು: "ತಮ್ಮಾ, ನಿನ್ನನ್ನು ಓದಿಸಿ ನಾವು ತಪ್ಪು ಮಾಡಿದೆವು."

ಅವನು ಕೈಯ ಮಸಿ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಹಂಗಲ್ರಿ ಗುರುಗಳ. ಓದಿಸಿದ್ದು ತಪ್ಪಲ್ಲ. ಓದಿದ್ದಕ್ಕ ಬ್ಯಾಂಕಿನ ಕಾಗದ ನಾನ ತುಂಬತೇನಿ, ಜಿಎಸ್‌ಟಿ ಲೆಕ್ಕ ನಾನ ನೋಡತೇನಿ, ಯಾರೂ ನನ್ನ ಮೋಸ ಮಾಡೂದಿಲ್ಲ. ಸುತ್ತಿಗೆ ಬಿಡು ಅಂದ್ರೆಲ್ಲ, ಅದೊಂದ ಮಾತು ತಪ್ಪಾತು. ಎರಡೂ ಹಿಡಿ ಅನ್ನಬೇಕಾಗಿತ್ತು."

ನಾವು ತಲೆ ತಗ್ಗಿಸಿದೆವು. ಶರಣರ ಕಾಯಕದ ವಿಚಾರವನ್ನು ವೇದಿಕೆಗಳ ಮೇಲೆ ಎಷ್ಟೋ ಸಲ ಉಪನ್ಯಾಸ ಮಾಡಿದ್ದೇವೆ. ಬಂದಿದ್ದ ಕಾಯಕವನ್ನು ಒಬ್ಬ ಹುಡುಗನ ಕೈಯಿಂದ ಬಿಡಿಸಿದವರೂ ನಾವೇ. ಆತನಾದರೋ ನಮಗೆ ಚಹಾ ತರಿಸಿ, ತನ್ನ ಬಳಿ ಕೆಲಸಕ್ಕಿರುವ ಇಬ್ಬರು ತರುಣರನ್ನು ಪರಿಚಯಿಸಿದ. ಅವರಲ್ಲಿ ಒಬ್ಬ ಐ.ಟಿ.ಐ. ಮುಗಿಸಿದವನು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯನ್ನೂ ಆತನೇ ನಮಗೆ ವಿವರಿಸಿದ. ಹದಿನೆಂಟು ಕಸುಬುಗಳವರಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ 3 ಲಕ್ಷದವರೆಗೆ ಸಾಲ. ಕೆಲಸ ಬಲ್ಲವರು ಬಹಳ ಮಂದಿ ಇದ್ದರೂ ಅರ್ಜಿ ತುಂಬಬಲ್ಲವರು ಕಡಿಮೆಯೆಂದು ನಕ್ಕ. ತನ್ನ ಓಣಿಯವರ ಅರ್ಜಿಗಳನ್ನು ಅವನೇ ತುಂಬಿಕೊಟ್ಟಿದ್ದಾನೆ. ಅವನ ಬಿ.ಎ. ಅಲ್ಲಿ ಕೆಲಸಕ್ಕೆ ಬಂದಿತ್ತು.

ನಾವು ಮಾತಾಡುತ್ತಿದ್ದಾಗ ನಮ್ಮ ಹುಡುಗ ಅಂಗಡಿಯ ಮೂಲೆಯಲ್ಲಿ ಕೆಟ್ಟು ನಿಂತಿದ್ದ ಒಂದು ಗ್ರೈಂಡಿಂಗ್ ಯಂತ್ರದ ಮೋಟಾರನ್ನು ಬಿಚ್ಚಿ ನೋಡುತ್ತಿದ್ದ. ತಂದೆ ಅದನ್ನು ನೋಡಿಯೂ ಗದರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ತಾಯಿಯೇ ಮಾತು ತೆಗೆದರು. ಇಂಜಿನಿಯರಿಂಗ್ ದಾರಿ ಪೂರ್ತಿ ಮುಚ್ಚಿಹೋಗುತ್ತದೆಯೇ ಎಂಬುದು ಆಕೆಯ ಭಯ. ಮುಚ್ಚುವುದಿಲ್ಲವೆಂದು ತಿಳಿಸಿ ಹೇಳಿದೆವು. ವಿಜ್ಞಾನದಲ್ಲಿ ಪದವಿಪೂರ್ವ ತೇರ್ಗಡೆಯಾದವನು ಪಾಲಿಟೆಕ್ನಿಕ್ಕಿನ ಡಿಪ್ಲೊಮಾಕ್ಕೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಸರಕಾರಿ ಪಾಲಿಟೆಕ್ನಿಕ್ಕಿನ ಶುಲ್ಕಕ್ಕೆ ಹೊಲ ಮಾರಬೇಕಾಗಿಲ್ಲ. ಡಿಪ್ಲೊಮಾ ಮುಗಿದ ಮೇಲೆ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಹೋಗುವ ದಾರಿಯೂ ಇದೆ. ನೇರ ದಾರಿಗಿಂತ ಒಂದು ವರುಷ ಹೆಚ್ಚು ಹಿಡಿಯುತ್ತದೆ. ಆದರೆ ನಡುವೆ ನಿಲ್ಲಬೇಕಾಗಿ ಬಂದರೂ ಕೈ ಬರಿದಾಗಿರುವುದಿಲ್ಲ. ರೈಲ್ವೆಯ ಸಹಾಯಕ ಚಾಲಕನ ಹುದ್ದೆಯಂಥವು ಐ.ಟಿ.ಐ., ಡಿಪ್ಲೊಮಾದವರಿಗೂ ತೆರೆದಿವೆ. 1961ರ ಶಿಶಿಕ್ಷು ಕಾಯಿದೆಯಂತೆ ಕಾರ್ಖಾನೆಗಳಲ್ಲಿ ವೇತನ ಪಡೆಯುತ್ತ ಕೆಲಸ ಕಲಿಯುವ ವ್ಯವಸ್ಥೆಯೂ ಇದೆ. ಇದೆಲ್ಲ ಖಂಡಿತವಾಗಿ ಫಲ ಕೊಡುವುದೆಂದು ನಾವು ಭರವಸೆ ಕೊಡಲಿಲ್ಲ. ಅಂಥ ಭರವಸೆಯನ್ನು ಒಮ್ಮೆ ಕೊಟ್ಟು ಉಂಡದ್ದು ಸಾಕಾಗಿತ್ತು.

ಮಗಳ ವಿಷಯದಲ್ಲಿ ಮಾತ್ರ ನಮ್ಮ ಮಾತು ಗಟ್ಟಿಯಾಗಿಯೇ ಇತ್ತು. ಗಂಡುಮಗನಿಗೆ ಹೊಲವಿದೆ, ಮಾವನ ಅಂಗಡಿಯಿದೆ, ತಪ್ಪಿದರೆ ಮತ್ತೊಂದು ದಾರಿ ಹಿಡಿಯಲು ಊರು ಬಿಡುತ್ತದೆ. ಹೆಣ್ಣುಮಗಳಿಗೆ ಊರು ಅಷ್ಟು ದಾರಿಗಳನ್ನು ಬಿಟ್ಟಿಲ್ಲ. ಆಕೆಯ ಹೆಸರಿನಲ್ಲಿ ಇರಬಹುದಾದ, ಯಾರೂ ಪಾಲು ಕೇಳಲಾರದ ಆಸ್ತಿಯೆಂದರೆ ಅವಳ ಓದು. ಅಣ್ಣನ ಶುಲ್ಕಕ್ಕಾಗಿ ತಂಗಿಯ ಶಾಲೆ ಬಿಡಿಸಿದರೆ ಮನೆ ಎರಡು ಕಡೆ ಸಾಲ ಮಾಡಿದಂತೆ. ತಾನು ಏಳನೆಯ ತರಗತಿಗೆ ಶಾಲೆ ಬಿಟ್ಟದ್ದನ್ನು ತಾಯಿ ಆಗ ಹೇಳಿದರು. ಗಂಡ ಊರಲ್ಲಿಲ್ಲದಾಗ ಬ್ಯಾಂಕಿನಿಂದ ಬಂದ ಕಾಗದವನ್ನು ನೆರೆಮನೆಯ ಹುಡುಗನಿಂದ ಓದಿಸಿಕೊಳ್ಳುವ ಸಂಕೋಚವನ್ನೂ ಹೇಳಿದರು. ಯಜಮಾನರು ಅದನ್ನು ಮೊದಲ ಸಲ ಕೇಳಿದರೆಂದು ತೋರಿತು.

ಪಾಲಕ ಬಂಧುಗಳೇ, ಪದವಿ ಬೇಕೆ ಬೇಡವೆ ಎಂದು ಒಂದೇ ಮಾತಿನಲ್ಲಿ ಕೇಳಬೇಡಿರಿ. ಈ ಪದವಿ ಯಾವ ಬಾಗಿಲನ್ನು ತೆರೆಯುತ್ತದೆ? ಆ ಬಾಗಿಲಿನ ಒಳಗೆ ಹೋಗುವ ಮನಸ್ಸು ಮಗುವಿಗಿದೆಯೆ? ಬಾಗಿಲು ತೆರೆಯುವವರೆಗೆ ಕಾಯಲು ಮನೆಗೆ ಶಕ್ತಿಯಿದೆಯೆ? ಕಾಯುವ ಕಾಲದಲ್ಲಿ ಕೈಗೆ ಏನು ಕೆಲಸ ಉಳಿದಿರುತ್ತದೆ? ಈ ನಾಲ್ಕನ್ನು ಮನೆಮಂದಿಯೆಲ್ಲ ಕುಳಿತು, ಮಗುವನ್ನೂ ಕೂಡಿಸಿಕೊಂಡು ಕೇಳಿರಿ. ನಾಲ್ಕಕ್ಕೂ ಉತ್ತರವಿದ್ದರೆ ಹೊಟ್ಟೆ ಕಟ್ಟಿಯಾದರೂ ಓದಿಸಿರಿ. ಉತ್ತರವಿಲ್ಲದಿದ್ದರೆ, ನೆರೆಯವರ ಮಗ ಓದಿದನೆಂಬ ಕಾರಣಕ್ಕೆ ಹೊಲದ ಬದು ಕೀಳಬೇಡಿರಿ. ಹೆಣ್ಣು ಕೊಡುವ ಮನೆಯವರೂ ವರನ ಪ್ರಮಾಣಪತ್ರದ ಜೊತೆಗೆ ಅವನ ದುಡಿಮೆಯನ್ನು ವಿಚಾರಿಸುವಂತಾಗಲಿ. ಆ ತಾಯಿಯ ಚಿಂತೆಗೆ ಉತ್ತರ ಕೊಡಬೇಕಾದವರು ನಾವೆಲ್ಲರೂ.

ಧಾರವಾಡದ ಬಸ್ ನಿಲ್ದಾಣದಲ್ಲಿ ಇಳಿದಾಗ ಕತ್ತಲಾಗಿತ್ತು. ಯಜಮಾನರು ನಮಸ್ಕರಿಸಿ, "ಹೊಲ ಇರಲಿ ಬಿಡ್ರಿ ಗುರುಗಳ" ಎಂದಷ್ಟೇ ಹೇಳಿದರು. ಆಷಾಢದ ಹೊತ್ತಿಗೆ ಅವರಿಂದ ಸುದ್ದಿ ಬಂತು. ಮಗ ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ವಿಭಾಗದ ಎರಡನೆಯ ವರ್ಷಕ್ಕೆ ಸೇರಿದ್ದಾನೆ. ರವಿವಾರ ಮಾವನ ಅಂಗಡಿಗೆ ಹೋಗುತ್ತಾನೆ. ಮಗಳು ಪದವಿಪೂರ್ವ ಕಾಲೇಜಿಗೆ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಮಾರಬೇಕೆಂದಿದ್ದ ಆ ಒಂದು ಎಕರೆಗೆ ಈ ಸಲ ಹೆಸರು ಬಿತ್ತಿದ್ದಾರಂತೆ.